ಗಣಿತ ಶಿಕ್ಷಕರ ಮೇಲಿನ ಓದು: ಎಂ.ಎಸ್ಸಿ. ಮಾಡಬೇಕೇ, ಎಂ.ಇಡಿ. ಮಾಡಬೇಕೇ?

ಜಗಳೂರು ಗಣಿತ ಶಿಕ್ಷಕಿ

ಎಲ್ಲ ಶಿಕ್ಷಕ ಬಂಧುಗಳಿಗೂ ನಮಸ್ಕಾರ. ನಾನು ಜಗಳೂರು ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಪಿಸಿಎಂ (ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತ) ಸಹಶಿಕ್ಷಕಿಯಾಗಿದ್ದೇನೆ. ಬಿ.ಎಸ್ಸಿ., ಬಿ.ಇಡಿ. ಆದ ಕೂಡಲೇ ನೌಕರಿ ಸಿಕ್ಕಿತು. ಆಮೇಲೆ ಮದುವೆ, ಮಗು, ಮೂರು ತರಗತಿಗಳ ಗಣಿತ, ಅದರ ಜೊತೆಗೆ ಭೌತವಿಜ್ಞಾನ, ಬೆಳಿಗ್ಗೆ ಸಂಜೆಯ ವಿಶೇಷ ತರಗತಿಗಳು, ಹೀಗೆ ಓದಿನ ಮಾತೇ ಹಿಂದೆ ಬಿದ್ದಿತ್ತು. ಈಗ ಮಗಳು ಶಾಲೆಗೆ ಹೋಗುತ್ತಿದ್ದಾಳೆ, ಮನೆಯವರೂ ಒಪ್ಪಿದ್ದಾರೆ. ಮತ್ತೆ ಓದಬೇಕೆಂಬ ಆಸೆ ಬಲವಾಗಿದೆ.

ಯಾವ ಓದು ಎಂಬುದರಲ್ಲಿ ಮಾತ್ರ ಒಬ್ಬೊಬ್ಬರದು ಒಂದೊಂದು ಸಲಹೆ. ಗಣಿತದಲ್ಲಿ ಎಂ.ಎಸ್ಸಿ. ಮಾಡಿದರೆ ಪದವಿಪೂರ್ವ ಕಾಲೇಜಿಗೆ ಬಡ್ತಿ ಸಿಗುತ್ತದೆಂದು ನಮ್ಮ ಮುಖ್ಯ ಶಿಕ್ಷಕರು ಹೇಳುತ್ತಾರೆ. ಎಂ.ಇಡಿ. ಮಾಡಿ ಗಣಿತ ಬೋಧನೆಯ ಮೇಲೆ ಲಘುಪ್ರಬಂಧ ಬರೆದರೆ ತರಗತಿಯೊಳಗಿನ ಕೆಲಸವೇ ಬದಲಾಗುತ್ತದೆ ಎಂಬುದು ನನ್ನ ಸಹಪಾಠಿಯೊಬ್ಬಳ ಮಾತು. ಇನ್ನೊಬ್ಬರು ಬೆಂಗಳೂರಿಗೆ ಹೋಗಿ ಶಿಕ್ಷಣದಲ್ಲಿ ಎಂ.ಎ. ಮಾಡಿ ಬಂದಿದ್ದಾರೆ. ಮೇಲಿನ ಓದು ನಿಮ್ಮ ವೃತ್ತಿಯಲ್ಲಿ ನಿಜವಾಗಿ ಏನನ್ನು ಬದಲಿಸಿತು ಎಂಬುದನ್ನು ಓದಿ ಮುಗಿಸಿದವರಿಂದಲೇ ತಿಳಿಯಬೇಕೆಂದು ಇಲ್ಲಿ ಕೇಳುತ್ತಿದ್ದೇನೆ. ಬಡ್ತಿ, ಸಂಬಳ, ವರ್ಗಾವಣೆಯ ವಿಷಯವನ್ನೂ ಮುಚ್ಚುಮರೆಯಿಲ್ಲದೆ ಹೇಳಿ, ಅದೂ ಬೇಕಾದದ್ದೇ.

ಚಳ್ಳಕೆರೆ ಪಿಯು ಉಪನ್ಯಾಸಕ

ಮೇಡಂ, ಮೊದಲು ಬಡ್ತಿಯ ಲೆಕ್ಕ. ಪದವಿಪೂರ್ವ ಕಾಲೇಜಿನ ಗಣಿತ ಉಪನ್ಯಾಸಕ ಹುದ್ದೆಗೆ ಗಣಿತದಲ್ಲಿಯೇ ಸ್ನಾತಕೋತ್ತರ ಪದವಿ ಇರಬೇಕು. ಎಂ.ಇಡಿ.ಯಲ್ಲಿ ಚಿನ್ನದ ಪದಕವೇ ಬಂದಿದ್ದರೂ ಅಲ್ಲಿ ಅದು ಲೆಕ್ಕಕ್ಕೆ ಬರುವುದಿಲ್ಲ. ನಾನು ಪ್ರೌಢಶಾಲೆಯಲ್ಲಿದ್ದಾಗಲೇ ಎಂ.ಎಸ್ಸಿ. ಮುಗಿಸಿದ್ದರಿಂದ ಜ್ಯೇಷ್ಠತಾ ಪಟ್ಟಿಯಲ್ಲಿ ಸರದಿ ಬಂದಾಗ ಬಡ್ತಿ ಪಡೆದೆ. ನನ್ನ ಜೊತೆಗೆ ಸೇವೆಗೆ ಸೇರಿದ ಕೆಲವರು ಆ ಪದವಿ ಇಲ್ಲದ ಕಾರಣಕ್ಕೆ ಅಲ್ಲಿಯೇ ಉಳಿದಿದ್ದಾರೆ. ಸರ್ಕಾರಿ ಸೇವೆಯಲ್ಲಿ ಇರುವವರು ಇದನ್ನು ಕಣ್ಣೆದುರಿಗೆ ಇಟ್ಟುಕೊಂಡೇ ನಿರ್ಧಾರ ಮಾಡಬೇಕಾಗುತ್ತದೆ.

ಆದರೆ ನಾನು ಎಂ.ಎಸ್ಸಿ.ಯ ಪರವಾಗಿ ಮಾತನಾಡುವುದು ಬಡ್ತಿಗಾಗಿ ಮಾತ್ರವಲ್ಲ. ಹತ್ತನೇ ತರಗತಿಯ ಪುಸ್ತಕದಲ್ಲಿ √2 ಅಭಾಗಲಬ್ಧ ಸಂಖ್ಯೆ, ಅಂದರೆ ಎರಡು ಪೂರ್ಣಾಂಕಗಳ ಭಿನ್ನರಾಶಿಯಾಗಿ ಬರೆಯಲಾಗದ ಸಂಖ್ಯೆ, ಎಂಬುದರ ಸಾಧನೆ ಇದೆ. ಒಂದು ಅವಿಭಾಜ್ಯ ಸಂಖ್ಯೆ ಯಾವುದೋ ಪೂರ್ಣಾಂಕದ ವರ್ಗವನ್ನು ನಿಶ್ಶೇಷವಾಗಿ ಭಾಗಿಸಿದರೆ ಆ ಪೂರ್ಣಾಂಕವನ್ನೂ ಭಾಗಿಸುತ್ತದೆ ಎಂಬ ಮಾತಿನ ಮೇಲೆ ಇಡೀ ಸಾಧನೆ ನಿಂತಿದೆ, ಮತ್ತು ಪುಸ್ತಕದಲ್ಲಿ ಆ ಮಾತು ಬಹಳ ಬೇಗ ಮುಗಿದುಹೋಗುತ್ತದೆ. ಅಮೂರ್ತ ಬೀಜಗಣಿತವನ್ನು ಓದಿದ ಮೇಲೆಯೇ ಅಲ್ಲಿರುವ 'ಅವಿಭಾಜ್ಯ' ಎಂಬ ಷರತ್ತಿನ ತೂಕ ನನಗೆ ಕಂಡದ್ದು. 4 ಎಂಬುದು 36ನ್ನು ಭಾಗಿಸುತ್ತದೆ, 6ನ್ನು ಭಾಗಿಸುವುದಿಲ್ಲ. ಈ ಒಂದು ಉದಾಹರಣೆಯನ್ನು ಬೋರ್ಡಿನ ಮೇಲೆ ಬರೆದು, ಹಾಗಾದರೆ √4 ಅಭಾಗಲಬ್ಧವೆಂದು ಇದೇ ರೀತಿಯಲ್ಲಿ ಸಾಧಿಸಲು ಹೊರಟರೆ ಎಲ್ಲಿ ಮುರಿದುಬೀಳುತ್ತದೆ ಎಂದು ಕೇಳಿದರೆ, ಬಾಯಿಪಾಠ ಮಾಡಿದ ಮಕ್ಕಳೂ ಸಾಧನೆಯನ್ನು ಮತ್ತೆ ಮೊದಲಿನಿಂದ ಓದಲು ತೊಡಗುತ್ತಾರೆ. ವಿಷಯದ ಆಳ ಗೊತ್ತಿಲ್ಲದಿದ್ದರೆ ಈ ಪ್ರಶ್ನೆಯೇ ನಮಗೆ ಹೊಳೆಯುವುದಿಲ್ಲ.

ಇದಕ್ಕೆ ಅಧ್ಯಯನದ ಆಧಾರವೂ ಇದೆ. ಅಮೆರಿಕದ ಡಾನ್ ಗೋಲ್ಡ್‌ಹೇಬರ್ ಮತ್ತು ಡೊಮಿನಿಕ್ ಬ್ರೂವರ್ ಎಂಬ ಸಂಶೋಧಕರು 1990ರ ದಶಕದಲ್ಲಿ ಅಲ್ಲಿನ ಪ್ರೌಢಶಾಲೆಗಳ ದತ್ತಾಂಶವನ್ನು ಪರಿಶೀಲಿಸಿದಾಗ, ಶಿಕ್ಷಕರಿಗೆ ಯಾವುದೋ ಒಂದು ಸ್ನಾತಕೋತ್ತರ ಪದವಿ ಇದೆ ಎಂಬುದರಿಂದ ಮಕ್ಕಳ ಕಲಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಗಣಿತದಲ್ಲಿಯೇ ಪದವಿ ಪಡೆದ ಶಿಕ್ಷಕರ ಮಕ್ಕಳಲ್ಲಿ ಮಾತ್ರ ಗಣಿತದ ಕಲಿಕೆ ಹೆಚ್ಚಿತ್ತು. ಆದ್ದರಿಂದ ನನ್ನ ಸಲಹೆ ಎಂ.ಎಸ್ಸಿ.

ದುರ್ಗದ ನಿವೃತ್ತ ಉಪನ್ಯಾಸಕ

ಚಳ್ಳಕೆರೆಯ ಮಿತ್ರರು ನಿಯಮದ ಬಗ್ಗೆ ಹೇಳಿದ್ದು ಸರಿಯಾಗಿದೆ. ಅದಕ್ಕೆ ಇನ್ನೊಂದು ಪಕ್ಕವನ್ನು ಸೇರಿಸುತ್ತೇನೆ. ಬಿ.ಇಡಿ. ಕಾಲೇಜಿನಲ್ಲಿ ಗಣಿತ ಬೋಧನಾಶಾಸ್ತ್ರವನ್ನು ಕಲಿಸಬೇಕಾದರೆ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿಯಂತೆ ವಿಷಯದ ಸ್ನಾತಕೋತ್ತರ ಪದವಿ ಮತ್ತು ಎಂ.ಇಡಿ. ಎರಡೂ ಬೇಕು, ಎರಡರಲ್ಲೂ ಶೇಕಡಾ 55 ಅಂಕಗಳಿರಬೇಕು. ಅಂದರೆ ಗಣಿತವನ್ನು ಕಲಿಸುವವರಿಗೆ ಒಂದು ಏಣಿ, ಗಣಿತ ಕಲಿಸುವುದನ್ನು ಕಲಿಸುವವರಿಗೆ ಇನ್ನೊಂದು ಏಣಿ. ಪ್ರೌಢಶಾಲೆಯ ತರಗತಿಯಲ್ಲಿಯೇ ಉಳಿಯಬಯಸುವ ಶಿಕ್ಷಕರಿಗೆ ಮಾತ್ರ ಈ ಎರಡರಲ್ಲಿ ಯಾವುದೂ ತಾನಾಗಿ ಒದಗುವುದಿಲ್ಲ. ಇಷ್ಟು ವರ್ಷಗಳ ಕಾಲ ಶಿಕ್ಷಕರ ತರಬೇತಿಯಲ್ಲಿ ಕೆಲಸ ಮಾಡಿದ ನನಗೆ ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದು ಕಂಡಿಲ್ಲ. ಚೆನ್ನಾಗಿ ಓದಿಕೊಂಡ ಶಿಕ್ಷಕರು ಓದಿದ ಕಾರಣಕ್ಕಾಗಿಯೇ ತರಗತಿಯನ್ನು ಬಿಟ್ಟು ಮೇಲೆ ಹೋಗಬೇಕಾಗುತ್ತದೆ.

ಎಂ.ಎಸ್ಸಿ. ಓದಿದರೆ ಶಾಲೆಯ ಗಣಿತ ತಾನಾಗಿ ಹಿಡಿತಕ್ಕೆ ಬರುತ್ತದೆಂದು ಬಹಳ ಜನ ನಂಬಿದ್ದಾರೆ. ಜರ್ಮನಿಯ ಗ್ಯೋಟಿಂಗನ್ ವಿಶ್ವವಿದ್ಯಾಲಯದ ಗಣಿತಜ್ಞ ಫೆಲಿಕ್ಸ್ ಕ್ಲೈನ್ ಅವರು ಶತಮಾನಕ್ಕೂ ಹಿಂದೆಯೇ ಇದನ್ನು ಪ್ರಶ್ನಿಸಿದ್ದರು. ಗಣಿತ ಬೋಧನೆಗೆಂದೇ 1908ರಲ್ಲಿ ರೋಮ್ ನಗರದಲ್ಲಿ ರೂಪುಗೊಂಡ ಅಂತರರಾಷ್ಟ್ರೀಯ ಆಯೋಗಕ್ಕೆ ಮೊದಲ ಅಧ್ಯಕ್ಷರಾದವರು ಅವರು. ಶಾಲೆಯಿಂದ ವಿಶ್ವವಿದ್ಯಾಲಯಕ್ಕೆ ಹೋದ ವಿದ್ಯಾರ್ಥಿಗೆ ಅಲ್ಲಿನ ಗಣಿತಕ್ಕೂ ತಾನು ಕಲಿತ ಗಣಿತಕ್ಕೂ ಸಂಬಂಧವೇ ಕಾಣುವುದಿಲ್ಲ. ಅದೇ ವಿದ್ಯಾರ್ಥಿ ಶಿಕ್ಷಕನಾಗಿ ಶಾಲೆಗೆ ಮರಳಿದಾಗ ವಿಶ್ವವಿದ್ಯಾಲಯದ ಗಣಿತ ಬರೀ ನೆನಪಾಗಿ ಉಳಿದು, ತಾನು ಹಿಂದೆ ಕಲಿತ ರೀತಿಯಲ್ಲಿಯೇ ಪಾಠ ಮಾಡತೊಡಗುತ್ತಾನೆ. ಈ ಎರಡು ಕಡಿತಗಳನ್ನು ಜೋಡಿಸುವ ಓದು ಶಿಕ್ಷಕರಿಗೆ ಬೇಕೆಂಬುದು ಕ್ಲೈನ್ ಅವರ ವಾದ. ಚಳ್ಳಕೆರೆಯವರು √2ರ ಬಗ್ಗೆ ಹೇಳಿದ್ದು ಆ ಜೋಡಣೆಯ ಒಳ್ಳೆಯ ಉದಾಹರಣೆ. ಆದರೆ ಆ ಜೋಡಣೆಯನ್ನು ಅವರು ತಾವೇ ಮಾಡಿಕೊಂಡರು, ಎಂ.ಎಸ್ಸಿ. ಪಠ್ಯಕ್ರಮ ಮಾಡಿಕೊಡಲಿಲ್ಲ.

ಅಧ್ಯಯನಗಳ ಮಾತು ಬಂದದ್ದರಿಂದ ಇನ್ನೊಂದನ್ನೂ ನೋಡಬೇಕು. ಅಮೆರಿಕದವರೇ ಆದ ಡೇವಿಡ್ ಮಂಕ್ 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶಿಕ್ಷಕರು ಪದವಿಯಲ್ಲಿ ಓದಿದ ಗಣಿತ ಕೋರ್ಸುಗಳ ಪ್ರಯೋಜನ ಸುಮಾರು ಐದು ಕೋರ್ಸುಗಳವರೆಗೆ ಕಾಣುತ್ತದೆ, ಆಮೇಲೆ ಕುಗ್ಗುತ್ತದೆ. ಗಣಿತ ಬೋಧನೆಯ ಬಗೆಗಿನ ಕೋರ್ಸುಗಳಿಂದ ಮಕ್ಕಳ ಕಲಿಕೆಗೆ ಒದಗುವ ಲಾಭ ಅದಕ್ಕಿಂತ ಹೆಚ್ಚು ಎಂದು ಕಂಡುಬಂತು. ಎರಡೂ ಅಧ್ಯಯನಗಳು ಬೇರೆ ದೇಶದವು, ಅಲ್ಲಿನ ಶಿಕ್ಷಕರ ಓದಿನ ಕ್ರಮವೇ ಬೇರೆ. ಅವುಗಳಿಂದ ನಮ್ಮ ಜಿಲ್ಲೆಗಳಿಗೆ ನೇರವಾಗಿ ತೀರ್ಮಾನ ಎಳೆಯಲಾಗದು. ಯಾವ ಓದು ಎಂಬುದರ ಮೇಲೆ ಫಲ ನಿಂತಿದೆ ಎಂಬುದನ್ನಂತೂ ಎರಡೂ ಹೇಳುತ್ತವೆ.

ಹೊಳಲ್ಕೆರೆ ಪ್ರಾಥಮಿಕ ಶಿಕ್ಷಕ

ಗುರುಗಳೇ, ಪ್ರೌಢಶಾಲೆಯವರಿಗೆ ಒಂದು ಏಣಿಯಾದರೂ ಇದೆ. ನಮ್ಮ ಸ್ಥಿತಿಯನ್ನೂ ಇಲ್ಲಿ ದಾಖಲಿಸಬೇಕು. 2017ರ ವೃಂದ ಮತ್ತು ನೇಮಕಾತಿ ನಿಯಮಗಳ ನಂತರ, ಹಿಂದೆ ಒಂದರಿಂದ ಏಳನೇ ತರಗತಿಗೆಂದು ನೇಮಕವಾದ ನಮ್ಮಂಥವರು ಒಂದರಿಂದ ಐದನೇ ತರಗತಿಯ ಶಿಕ್ಷಕರೆಂದು ಪರಿಗಣಿತರಾದೆವು. ಆರರಿಂದ ಎಂಟಕ್ಕೆ ಪದವೀಧರ ಪ್ರಾಥಮಿಕ ಶಿಕ್ಷಕರ ಹೊಸ ವೃಂದ ಬಂತು. 2022ರಲ್ಲಿ ಆ ವೃಂದದ 15,000 ಹುದ್ದೆಗಳಿಗೆ ಅರ್ಜಿ ಕರೆದಾಗ ಗಣಿತ ಮತ್ತು ವಿಜ್ಞಾನಕ್ಕೂ ಜಾಗವಿತ್ತು. ನಮ್ಮಲ್ಲಿ ಬಿ.ಎಸ್ಸಿ., ಬಿ.ಇಡಿ. ಅಷ್ಟೇ ಅಲ್ಲ, ಎಂ.ಎಸ್ಸಿ. ಮುಗಿಸಿದವರೂ ಇದ್ದಾರೆ. ಅವರೇ ಆರು, ಏಳನೇ ತರಗತಿಗೆ ಗಣಿತ ಕಲಿಸುತ್ತಿದ್ದಾರೆ, ಕಾಗದದ ಮೇಲೆ ಮಾತ್ರ ಆ ವೃಂದದವರಲ್ಲ. ಓದಿದ ಶಿಕ್ಷಕರಿಗೆ ತಾವು ಓದಿದ್ದು ಯಾರ ಲೆಕ್ಕಕ್ಕೂ ಬರಲಿಲ್ಲವೆಂಬ ನೋವು ಬಹಳ ಆಳವಾದದ್ದು, ಅದು ಮುಂದೆ ಓದಬೇಕೆನ್ನುವ ಕಿರಿಯರ ಉತ್ಸಾಹವನ್ನೂ ಕುಗ್ಗಿಸುತ್ತಿದೆ.

ಇಷ್ಟು ಹೇಳಿದ ಮೇಲೆಯೂ, ಓದಬೇಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ.

ಚನ್ನಗಿರಿ ಎಂ.ಇಡಿ.

ನಾನು ಎಂ.ಇಡಿ. ಮಾಡಿದವಳು. ಜಗಳೂರಿನ ಮೇಡಂ ಕೇಳಿದ ಪ್ರಶ್ನೆಗೆ ನನ್ನ ಲಘುಪ್ರಬಂಧದ ಅನುಭವದಿಂದಲೇ ಉತ್ತರಿಸುತ್ತೇನೆ. ಮೊದಲಿಗೆ ಒಂದು ವಿಷಯ ತಿಳಿದಿರಲಿ: ನಮ್ಮಲ್ಲಿ ಎಂ.ಇಡಿ. ಎಂದರೆ ಗಣಿತ ಶಿಕ್ಷಣದ ಪದವಿಯಲ್ಲ. ಶಿಕ್ಷಣದ ತತ್ತ್ವಶಾಸ್ತ್ರ, ಮನೋವಿಜ್ಞಾನ, ಸಮಾಜಶಾಸ್ತ್ರ, ಸಂಶೋಧನಾ ವಿಧಾನ ಇವೆಲ್ಲ ಅದರ ಬಹುಭಾಗ. ಗಣಿತ ಬರುವುದು ನಾವು ಆರಿಸಿಕೊಳ್ಳುವ ವಿಷಯದಲ್ಲಿ ಮತ್ತು ಲಘುಪ್ರಬಂಧದಲ್ಲಿ. ಹಾಗಾಗಿ ಗಣಿತವನ್ನು ತಿಳಿದ ಮಾರ್ಗದರ್ಶಕರು ಸಿಗುತ್ತಾರೆಯೇ ಎಂಬುದನ್ನು ವಿಚಾರಿಸಿಕೊಂಡೇ ಪ್ರವೇಶ ಪಡೆಯಿರಿ. ಸಿಗದಿದ್ದರೆ ಕೊನೆಗೆ ಮನೋಭಾವ ಮಾಪನದ ಪ್ರಶ್ನಾವಳಿಯೊಂದನ್ನು ಹಂಚಿ, ಸರಾಸರಿ ಮತ್ತು ಟಿ ಮೌಲ್ಯ (ಸರಾಸರಿಗಳ ವ್ಯತ್ಯಾಸವನ್ನು ಪರೀಕ್ಷಿಸುವ ಸಂಖ್ಯೆ) ಲೆಕ್ಕ ಹಾಕಿ ಮುಗಿಸುವಂತಾಗುತ್ತದೆ. ಅಂಥ ಪ್ರಬಂಧಗಳು ಗ್ರಂಥಾಲಯದಲ್ಲಿ ಸಾಲುಸಾಲಾಗಿ ಇವೆ.

ನನಗೆ ಒಳ್ಳೆಯ ಮಾರ್ಗದರ್ಶಕರು ಸಿಕ್ಕಿದ್ದರು. ದಶಮಾಂಶ ಸಂಖ್ಯೆಗಳನ್ನು ಏಳನೇ ತರಗತಿಯ ಮಕ್ಕಳು ಹೇಗೆ ಅರ್ಥ ಮಾಡಿಕೊಳ್ಳುತ್ತಾರೆ ಎಂಬುದು ನನ್ನ ವಿಷಯ. ಬರವಣಿಗೆಯ ಪರೀಕ್ಷೆ ಮಾಡಿ ಅಂಕ ಹಾಕಿದರೆ ಸಾಲದು, ತಪ್ಪು ಬರೆದ ಮಗುವಿನ ಪಕ್ಕದಲ್ಲಿ ಕೂತು ಅದು ಹಾಗೆ ಬರೆದದ್ದು ಏಕೆಂದು ಕೇಳಿ, ಅದರ ಮಾತನ್ನು ಅದರದೇ ಭಾಷೆಯಲ್ಲಿ ಬರೆದುಕೊಳ್ಳಬೇಕೆಂದು ಮಾರ್ಗದರ್ಶಕರು ಕಡ್ಡಾಯ ಮಾಡಿದರು. 3.45 ಮತ್ತು 3.5ರಲ್ಲಿ ಯಾವುದು ದೊಡ್ಡದು ಎಂಬ ಪ್ರಶ್ನೆಗೆ ಒಬ್ಬ ಹುಡುಗ 3.45 ಎಂದು ಬರೆದಿದ್ದ. ಕಾರಣ ಕೇಳಿದಾಗ, 'ನಲವತ್ತೈದು ಐದಕ್ಕಿಂತ ದೊಡ್ಡದಲ್ಲವೇ ಮಿಸ್' ಎಂದ. ಇದು ಎಲ್ಲ ಶಿಕ್ಷಕರಿಗೂ ಗೊತ್ತಿರುವ ತಪ್ಪು. ಅವನ ಪಕ್ಕದ ಹುಡುಗಿ 3.5 ಎಂದು ಸರಿಯಾಗಿ ಬರೆದಿದ್ದಳು. ಅವಳನ್ನೂ ಕೇಳಿದೆ. ಬಿಂದುವಿನ ನಂತರ ಅಂಕಿಗಳು ಹೆಚ್ಚಾದಷ್ಟೂ ತುಂಡುಗಳು ಸಣ್ಣದಾಗುತ್ತವೆ, ಆದ್ದರಿಂದ ಅಂಕಿ ಕಡಿಮೆಯಿರುವ ಸಂಖ್ಯೆಯೇ ಯಾವಾಗಲೂ ದೊಡ್ಡದು ಎಂದಳು. ಹಾಗಾದರೆ 3.5 ಮತ್ತು 3.78ರಲ್ಲಿ ಯಾವುದು ದೊಡ್ಡದು ಎಂದಾಗ ಯೋಚಿಸದೆ 3.5 ಎಂದು ಹೇಳಿದಳು. ಅವಳ ಉತ್ತರಪತ್ರಿಕೆಗೆ ಪೂರ್ತಿ ಅಂಕ ಬಿದ್ದಿತ್ತು.

ಮೂರನೆಯ ಹುಡುಗನಿಗೆ ದಶಮಾಂಶವೆಂದರೆ ರೂಪಾಯಿ ಮತ್ತು ಪೈಸೆ. ಮೂರು ರೂಪಾಯಿ ಐವತ್ತು ಪೈಸೆ ಎಂದು ಓದಿಕೊಂಡು ಸರಿಯಾದ ಉತ್ತರವನ್ನೇ ಕೊಟ್ಟ. ಆದರೆ 3.45 ಮತ್ತು 3.46ರ ನಡುವೆ ಯಾವ ಸಂಖ್ಯೆ ಇದೆ ಎಂದರೆ, ಯಾವುದೂ ಇಲ್ಲ ಎಂದ. ಅವನ ಲೆಕ್ಕದಲ್ಲಿ ಪೈಸೆಗಿಂತ ಕಿರಿದಾದದ್ದು ಇಲ್ಲ. ಅಡಿಕೆ ಮಂಡಿಯ ಎಲೆಕ್ಟ್ರಾನಿಕ್ ತೂಕದಲ್ಲಿ ಬಿಂದುವಿನ ನಂತರ ಮೂರು ಅಂಕಿ ಬರುವುದನ್ನು ಅವನು ಅಪ್ಪನ ಜೊತೆ ನೋಡಿದ್ದ. ಆ ತೂಕದ ಚೀಟಿಯನ್ನೇ ತರಿಸಿ, ಕೊನೆಯ ಅಂಕಿ ಏನನ್ನು ಹೇಳುತ್ತದೆಂದು ಕೇಳಿದಾಗಲೇ ಅವನಿಗೆ ತಾನು ಹೇಳಿದ್ದರ ಬಗ್ಗೆ ಅನುಮಾನ ಹುಟ್ಟಿದ್ದು.

ಸೊನ್ನೆ ಸೇರಿಸಿ ಅಂಕಿಗಳನ್ನು ಸಮ ಮಾಡಿಕೊಂಡು ಹೋಲಿಸಿ ಎಂಬ ನಿಯಮವನ್ನು ಹೇಳಿಕೊಟ್ಟರೆ ಮೂವರೂ ಪರೀಕ್ಷೆಯಲ್ಲಿ ಸರಿ ಬರೆಯುತ್ತಾರೆ, ಮೂವರ ಒಳಗಿನ ತಿಳಿವಳಿಕೆಯೂ ಇದ್ದಲ್ಲಿಯೇ ಇರುತ್ತದೆ. ಬ್ರಿಟನ್ನಿನ ಗಣಿತ ಶಿಕ್ಷಣ ತಜ್ಞ ರಿಚರ್ಡ್ ಸ್ಕೆಂಪ್ 1976ರಲ್ಲಿ ಈ ವ್ಯತ್ಯಾಸವನ್ನೇ ವಿವರಿಸಿದ್ದಾರೆ: ಏನು ಮಾಡಬೇಕು ಮತ್ತು ಏಕೆ ಮಾಡಬೇಕು ಎರಡನ್ನೂ ತಿಳಿದಿರುವುದು ಒಂದು ಬಗೆಯ ತಿಳಿವಳಿಕೆ, ಕಾರಣ ಗೊತ್ತಿಲ್ಲದೆ ನಿಯಮವನ್ನು ಬಳಸಬಲ್ಲದ್ದು ಇನ್ನೊಂದು ಬಗೆ. ಎಂ.ಇಡಿ.ಯಿಂದ ನನಗೆ ಬಡ್ತಿ ಬಂದಿಲ್ಲ. ಉತ್ತರಪತ್ರಿಕೆ ತಿದ್ದುವ ರೀತಿ ಮಾತ್ರ ಪೂರ್ತಿ ಬದಲಾಗಿದೆ. ಸರಿ ಗುರುತು ಹಾಕುವ ಮುನ್ನವೂ ಈಗ ಒಮ್ಮೆ ಯೋಚಿಸುತ್ತೇನೆ.

ಹಿರಿಯೂರು ಮುಖ್ಯ ಶಿಕ್ಷಕ

ಚನ್ನಗಿರಿಯ ಮೇಡಂ ಬರೆದದ್ದನ್ನು ನಮ್ಮ ಶಾಲೆಯ ಶಿಕ್ಷಕರಿಗೆಲ್ಲ ಓದಿ ಹೇಳಿದೆ. ಜೊತೆಗೆ ಒಂದು ಕಷ್ಟವನ್ನೂ ಹೇಳಬೇಕಾಗಿದೆ. ಮಗುವಿನ ಪಕ್ಕದಲ್ಲಿ ಕೂತು ಕೇಳುವ ಪುರುಸೊತ್ತು ಶಿಕ್ಷಕರಿಗೆ ಎಲ್ಲಿದೆ? ಎಸ್ಸೆಸ್ಸೆಲ್ಸಿ ಫಲಿತಾಂಶದ ಮೇಲೆ ಶಾಲೆಯ ಮಾನ, ತಾಲ್ಲೂಕಿನ ಮಾನ, ಜಿಲ್ಲೆಯ ಮಾನ ನಿಂತಿದೆ. 2023ರಲ್ಲಿ ಚಿತ್ರದುರ್ಗ ಜಿಲ್ಲೆ ಶೇಕಡಾ 96.80ರೊಂದಿಗೆ ರಾಜ್ಯಕ್ಕೇ ಮೊದಲು ಬಂತು. ಮರುವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಮೂಲಕ ನಿಗಾ ಇಡುವ ವೆಬ್‌ಕಾಸ್ಟಿಂಗ್ ಬಂದಾಗ ರಾಜ್ಯದ ಫಲಿತಾಂಶವೇ 83.89ರಿಂದ 73.40ಕ್ಕೆ ಇಳಿಯಿತು, ನಮ್ಮ ಜಿಲ್ಲೆಯ ಮೊದಲ ಸ್ಥಾನವೂ ಹೋಯಿತು. ಅಲ್ಲಿಂದೀಚೆಗೆ ತೇರ್ಗಡೆಗೆ ಬೇಕಾದಷ್ಟನ್ನೇ ಕಲಿಸುವ ಪಾಸಿಂಗ್ ಪ್ಯಾಕೇಜ್, ಗುಂಪು ಅಧ್ಯಯನ, ಸರಣಿ ಪರೀಕ್ಷೆಗಳ ಒತ್ತಡ ಇನ್ನೂ ಹೆಚ್ಚಿದೆ. ಮಕ್ಕಳು ತೇರ್ಗಡೆಯಾಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ತೇರ್ಗಡೆಯಾಗದ ಹೆಣ್ಣುಮಗುವಿನ ಓದು ನಮ್ಮ ಹಳ್ಳಿಗಳಲ್ಲಿ ಅಲ್ಲಿಗೇ ನಿಂತುಹೋಗುತ್ತದೆ. ಆದರೆ ಹತ್ತನೇ ತರಗತಿಯಲ್ಲಿ ಪ್ಯಾಕೇಜಿನ ಹಿಂದೆ ಓಡಬೇಕಾಗಿ ಬರುವುದು ಏಳನೇ ತರಗತಿಯಲ್ಲಿ ದಶಮಾಂಶ ಕೈಗೆ ಹತ್ತದ ಕಾರಣಕ್ಕೇ ಅಲ್ಲವೇ? ಮೇಲಿನ ಓದು ಓದಿದ ಶಿಕ್ಷಕರನ್ನು ಹತ್ತನೇ ತರಗತಿಗೆ ಮೀಸಲಿಡುವ ಪದ್ಧತಿಯನ್ನು ನಾವು ಮುಖ್ಯ ಶಿಕ್ಷಕರೇ ಬದಲಿಸಬಹುದು. ಬರುವ ವರ್ಷದ ವೇಳಾಪಟ್ಟಿಯಲ್ಲಿ ನಮ್ಮ ಶಾಲೆಯ ಎಂ.ಎಸ್ಸಿ. ಆದ ಶಿಕ್ಷಕರಿಗೆ ಎಂಟನೇ ತರಗತಿಯನ್ನು ಕೊಡುವವನಿದ್ದೇನೆ.

ದಾವಣಗೆರೆ ಬಿ.ಎಸ್ಸಿ. ವಿದ್ಯಾರ್ಥಿ

ಹಿರಿಯರೇ, ನಾನು ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೇನೆ, ಮುಂದೆ ಗಣಿತ ಶಿಕ್ಷಕನಾಗಬೇಕೆಂದಿದ್ದೇನೆ. ವಿಷಯ ಮತ್ತು ಬೋಧನೆ ಎರಡನ್ನೂ ಒಟ್ಟಿಗೆ ಕಲಿಸುವ ಪದವಿ ಇಲ್ಲವೇ?

ದುರ್ಗದ ನಿವೃತ್ತ ಉಪನ್ಯಾಸಕ

ಇದೆ ತಮ್ಮಾ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ 1963ರಿಂದ ನಡೆಯುತ್ತಿದೆ. ಪಿಯುಸಿ ನಂತರ ಸೇರಿ ಆರು ವರ್ಷದಲ್ಲಿ ಮುಗಿಸುವ ಎಂ.ಎಸ್ಸಿ.ಎಡ್. ಪದವಿಯಲ್ಲಿ ಗಣಿತವನ್ನೂ ಬೋಧನಾಶಾಸ್ತ್ರವನ್ನೂ ಅಲ್ಲಿ ಜೊತೆಜೊತೆಯಾಗಿ ಕಲಿಸಿದ್ದಾರೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಸಮಗ್ರ ಶಿಕ್ಷಕ ಶಿಕ್ಷಣ ಪದವಿಯೂ ಬಂದಿದೆ. ಆದರೆ ಎರಡೂ ಪಿಯುಸಿ ಮುಗಿಸಿದವರಿಗೆ. ನೀನು ಬಿ.ಎಸ್ಸಿ. ಮುಗಿಸುವ ಹೊತ್ತಿನಲ್ಲಿರುವುದರಿಂದ ಬಿ.ಇಡಿ. ಮಾಡಿ ಆಮೇಲೆ ಎಂ.ಎಸ್ಸಿ. ಮಾಡುವುದೋ, ದಾವಣಗೆರೆ ವಿಶ್ವವಿದ್ಯಾಲಯದ ಶಿವಗಂಗೋತ್ರಿಯಲ್ಲಿ ಮೊದಲು ಎಂ.ಎಸ್ಸಿ. ಮುಗಿಸಿ ಬಿ.ಇಡಿ.ಗೆ ಬರುವುದೋ ನೋಡು. ಸಂಶೋಧನೆಯ ಒಲವಿದ್ದರೆ ಮುಂಬೈನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದಲ್ಲಿ ಗಣಿತ ಶಿಕ್ಷಣದ ಮೇಲೆಯೇ ಪಿಎಚ್.ಡಿ. ಮಾಡಬಹುದು, ಅದಕ್ಕೆ ಎಂ.ಎಸ್ಸಿ.ಯ ಬುನಾದಿ ಒಳ್ಳೆಯದು.

ಹರಿಹರ ಪ್ರೌಢಶಾಲಾ ಶಿಕ್ಷಕಿ

ಎಲ್ಲರೂ ಪದವಿಗಳ ಗುಣಾವಗುಣ ಹೇಳುತ್ತಿದ್ದೀರಿ. ಮನೆ, ಮಗು, ನೌಕರಿ ಮೂರನ್ನೂ ಇಟ್ಟುಕೊಂಡ ಹೆಣ್ಣುಮಗಳು ಓದುವುದು ಹೇಗೆ ಎಂಬುದನ್ನೂ ಮಾತನಾಡೋಣ. 2014ರ ನಿಯಮಾವಳಿಯ ನಂತರ ಎಂ.ಇಡಿ. ಎರಡು ವರ್ಷದ್ದಾಯಿತು. ಅದು ಪೂರ್ಣಾವಧಿಯ ಕೋರ್ಸು. ಸೇವೆಯಲ್ಲಿರುವವರು ನಿಯೋಜನೆಯ ಮೇಲೆ ಹೋಗಬೇಕು ಇಲ್ಲವೇ ರಜೆ ಹಾಕಬೇಕು. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಶಿಕ್ಷಣ ಎಂ.ಎ. ಕೂಡ ಎರಡು ವರ್ಷದ್ದು, ಊರು ಬಿಟ್ಟು ಹೋಗಿ ಇರಬೇಕು. ಆದ್ದರಿಂದ ನಮ್ಮ ಕಡೆಯ ಹೆಚ್ಚಿನ ಶಿಕ್ಷಕಿಯರು ಕೊನೆಗೆ ದೂರಶಿಕ್ಷಣದ ಎಂ.ಎಸ್ಸಿ.ಯನ್ನೇ ಹಿಡಿಯುತ್ತಾರೆ. ಅದು ಅವರ ಒಲವಿನಿಂದ ಮಾತ್ರ ಆದ ಆಯ್ಕೆಯಲ್ಲ, ಉಳಿದದ್ದು ಅದೊಂದೇ ಎಂಬ ಕಾರಣಕ್ಕೆ ಆದ ಆಯ್ಕೆ.

ಜಗಳೂರಿನ ತಂಗಿಗೆ ಎರಡು ಮಾತು. ಪ್ರವೇಶ ಪಡೆಯುವ ಮುನ್ನ ಇಲಾಖೆಯ ಪೂರ್ವಾನುಮತಿಯನ್ನು ಬರವಣಿಗೆಯಲ್ಲಿ ಪಡೆದುಕೊಳ್ಳಿ. ಪದವಿ ಬಂದ ಮೇಲೆ ಸೇವಾವಹಿಯಲ್ಲಿ ನಮೂದು ಮಾಡಿಸುವಾಗ ಮೊದಲು ಕೇಳುವುದೇ ಆ ಪತ್ರವನ್ನು. ನನ್ನ ಪರಿಚಯದ ಶಿಕ್ಷಕಿಯೊಬ್ಬರು ಆ ಒಂದು ಕಾಗದಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆದಿದ್ದಾರೆ. ಎರಡನೆಯದಾಗಿ, ದೂರಶಿಕ್ಷಣವಾದರೆ ಆ ಕೋರ್ಸಿಗೆ ಆ ವರ್ಷಕ್ಕೆ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ದೂರಶಿಕ್ಷಣ ವಿಭಾಗದ ಮಾನ್ಯತೆ ಇದೆಯೇ ಎಂದು ಪಟ್ಟಿಯಲ್ಲಿ ನೀವೇ ನೋಡಿ. ವಿಶ್ವವಿದ್ಯಾಲಯಕ್ಕೆ ಮಾನ್ಯತೆ ಇರುವುದು ಬೇರೆ, ಕೋರ್ಸಿಗೆ ಇರುವುದು ಬೇರೆ.

ಜಗಳೂರು ಗಣಿತ ಶಿಕ್ಷಕಿ

ಎಲ್ಲರಿಗೂ ಮನಸಾರೆ ಕೃತಜ್ಞತೆಗಳು. ಹರಿಹರದ ಅಕ್ಕ ಹೇಳಿದ ಪೂರ್ವಾನುಮತಿಯ ವಿಷಯ ನನಗೆ ತಿಳಿದೇ ಇರಲಿಲ್ಲ. ಓದುತ್ತಾ ಹೋದಂತೆ ನನ್ನ ಪ್ರಶ್ನೆಯೇ ಸ್ವಲ್ಪ ಬದಲಾಯಿತು. ನನ್ನ ಪರಿಸ್ಥಿತಿಯಲ್ಲಿ ಎಂ.ಎಸ್ಸಿ. ಸಾಧ್ಯ, ಪೂರ್ಣಾವಧಿಯ ಎಂ.ಇಡಿ. ಸದ್ಯಕ್ಕೆ ಕಷ್ಟ. ಆದರೆ ಚನ್ನಗಿರಿಯ ಮೇಡಂ ಬರೆದಂಥ ಕೆಲಸವನ್ನು ಮಾಡಬೇಕೆಂಬ ಆಸೆ ಈಗ ಇನ್ನೂ ಹೆಚ್ಚಾಗಿದೆ. ಪದವಿಯಿಲ್ಲದೆ ಅದನ್ನು ಕಲಿಯಲು ಸಾಧ್ಯವೇ?

ದುರ್ಗದ ನಿವೃತ್ತ ಉಪನ್ಯಾಸಕ

ಸಾಧ್ಯ ಎಂದೇ ನನ್ನ ಅಭಿಪ್ರಾಯ, ಕಾರಣವನ್ನೂ ಹೇಳುತ್ತೇನೆ. ಲಿಪಿಂಗ್ ಮಾ ಎಂಬ ವಿದುಷಿ ಚೀನಾ ಮತ್ತು ಅಮೆರಿಕದ ಪ್ರಾಥಮಿಕ ಶಿಕ್ಷಕರನ್ನು ಹೋಲಿಸಿ ಮಾಡಿದ ಅಧ್ಯಯನ 1999ರಲ್ಲಿ ಪ್ರಕಟವಾಯಿತು. ಅದರಲ್ಲಿ ಶಿಕ್ಷಕರ ಮುಂದೆ ಇಟ್ಟ ಪ್ರಶ್ನೆಗಳಲ್ಲಿ ಒಂದು ಹೀಗಿತ್ತು: ಒಂದೂಮುಕ್ಕಾಲನ್ನು ಅರ್ಧದಿಂದ ಭಾಗಿಸಿ, ಮತ್ತು ಆ ಭಾಗಾಕಾರಕ್ಕೆ ಹೊಂದುವ ಒಂದು ಕಥೆಲೆಕ್ಕವನ್ನು ರಚಿಸಿ. ನೀವೂ ನಿಮ್ಮ ಸಹೋದ್ಯೋಗಿಗಳಿಗೆ ಇದನ್ನು ಕೊಟ್ಟು ನೋಡಿ. ಭಾಜಕವನ್ನು ತಿರುಗಿಸಿ ಗುಣಿಸಿ ಮೂರೂವರೆ ಎಂದು ಎಲ್ಲರೂ ಉತ್ತರ ತರುತ್ತಾರೆ. ಕಥೆ ಹೇಳಿ ಎಂದಾಗ ಬಹಳ ಜನ ಒಂದೂಮುಕ್ಕಾಲು ರೊಟ್ಟಿಯನ್ನು ಇಬ್ಬರಿಗೆ ಸಮವಾಗಿ ಹಂಚುತ್ತಾರೆ. ಅದು ಎರಡರಿಂದ ಭಾಗಿಸಿದ್ದಾಯಿತೇ ಹೊರತು ಅರ್ಧದಿಂದ ಭಾಗಿಸಿದ್ದಲ್ಲ. ಒಂದೂಮುಕ್ಕಾಲು ಲೀಟರ್ ಹಾಲನ್ನು ಅರ್ಧ ಲೀಟರಿನ ಪಾಕೀಟುಗಳಿಗೆ ತುಂಬಿದರೆ ಎಷ್ಟು ಪಾಕೀಟು ಎಂದು ಕೇಳಿದರೆ ಮೂರು ಪಾಕೀಟು ತುಂಬಿ ನಾಲ್ಕನೆಯದು ಅರ್ಧ ತುಂಬುತ್ತದೆ. ಆಗ ಆ ಕೊನೆಯ ಅರ್ಧ ಎಂದರೆ ಅರ್ಧ ಲೀಟರೋ ಅರ್ಧ ಪಾಕೀಟೋ ಎಂಬ ಚರ್ಚೆ ತರಗತಿಯಲ್ಲಿ ತಾನಾಗಿ ಏಳುತ್ತದೆ.

ಮಾ ಅವರ ಅಧ್ಯಯನದಲ್ಲಿದ್ದ 23 ಅಮೆರಿಕನ್ ಶಿಕ್ಷಕರಲ್ಲಿ ಸರಿಯಾದ ಕಥೆಯನ್ನು ರಚಿಸಿದವರು ಒಬ್ಬರು. 72 ಚೀನೀ ಶಿಕ್ಷಕರೆಲ್ಲರೂ ಭಾಗಾಕಾರವನ್ನು ಸರಿಯಾಗಿ ಮಾಡಿದರು, ಬಹುಪಾಲು ಜನ ಸರಿಯಾದ ಕಥೆಯನ್ನೂ ಕೊಟ್ಟರು. ಗಮನಿಸಬೇಕಾದದ್ದು ಏನೆಂದರೆ, ಪದವಿ ಪಡೆದವರು ಅಮೆರಿಕನ್ ಶಿಕ್ಷಕರು; ಚೀನೀ ಶಿಕ್ಷಕರು ಒಂಬತ್ತನೇ ತರಗತಿಯ ನಂತರ ಎರಡು ಮೂರು ವರ್ಷ ಶಿಕ್ಷಕರ ತರಬೇತಿ ಪಡೆದವರಷ್ಟೇ. ಅವರ ತಿಳಿವಳಿಕೆ ಬೆಳೆದದ್ದು ಕೆಲಸಕ್ಕೆ ಸೇರಿದ ಮೇಲೆ, ಪಠ್ಯಪುಸ್ತಕವನ್ನು ಬಿಡದೆ ಅಭ್ಯಾಸ ಮಾಡಿ, ಸಹಶಿಕ್ಷಕರ ಗುಂಪಿನಲ್ಲಿ ವಾರವಾರವೂ ಚರ್ಚಿಸಿ. ನಮ್ಮಲ್ಲೂ ಅಕ್ಕಪಕ್ಕದ ಶಾಲೆಗಳ ಗುಂಪಾದ ಕ್ಲಸ್ಟರಿನ ಸಮಾಲೋಚನಾ ಸಭೆ ಇದೆ, ವಿಷಯ ಶಿಕ್ಷಕರ ವೇದಿಕೆ ಇದೆ; ಸುತ್ತೋಲೆ ಓದುವುದರಲ್ಲಿ ಅವು ಮುಗಿಯದಂತೆ ನೋಡಿಕೊಂಡರೆ ಅಲ್ಲಿಯೇ ಈ ಕೆಲಸ ಮಾಡಬಹುದು. ಚಳ್ಳಕೆರೆಯ ಕುದಾಪುರದಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರತಿಭಾ ವಿಕಾಸ ಕೇಂದ್ರದಲ್ಲಿ ವಿಜ್ಞಾನ ಮತ್ತು ಗಣಿತ ಶಿಕ್ಷಕರಿಗೆ ತರಬೇತಿ ನಡೆಯುತ್ತದೆ. ನಿಮ್ಮ ಊರಿನಿಂದ ಅದು ದೂರವೂ ಅಲ್ಲ, ಅವಕಾಶ ಬಂದರೆ ಬಿಡಬೇಡಿ.

ಆದರೂ ಪದವಿಯನ್ನು ಕಡೆಗಣಿಸಿ ಎಂದು ಹೇಳಲಾರೆ. ಸ್ವಂತ ಆಸಕ್ತಿಯಿಂದ ಓದುವವರು ಆಸಕ್ತಿ ಇರುವಷ್ಟನ್ನು ಓದುತ್ತಾರೆ. ಪದವಿಯ ಓದು ನಮಗೆ ಬೇಡವಾದದ್ದನ್ನೂ ಓದಿಸುತ್ತದೆ, ಬರೆದದ್ದನ್ನು ಇನ್ನೊಬ್ಬರು ಪ್ರಶ್ನಿಸುವಂತೆ ಮಾಡುತ್ತದೆ. ನನ್ನ ತಕರಾರು ಇರುವುದು ನಿಯಮದ ಬಗ್ಗೆ. ಗಣಿತ ಶಿಕ್ಷಣವನ್ನು ಓದಿ ತರಗತಿಯಲ್ಲಿಯೇ ಉಳಿದ ಶಿಕ್ಷಕರಿಗೂ ವೃತ್ತಿಯಲ್ಲಿ ಒಂದು ಮೇಲಿನ ಸ್ಥಾನ, ಅದಕ್ಕೆ ತಕ್ಕ ವೇತನ, ಕಿರಿಯ ಶಿಕ್ಷಕರಿಗೆ ಮಾರ್ಗದರ್ಶನ ಮಾಡಲು ವೇಳಾಪಟ್ಟಿಯಲ್ಲಿ ಬಿಡುವು, ಇಷ್ಟನ್ನು ಕೊಡಬೇಕು.

ಚಳ್ಳಕೆರೆ ಪಿಯು ಉಪನ್ಯಾಸಕ

ಈ ಕೊನೆಯ ಮಾತಿಗೆ ನನ್ನ ಪೂರ್ಣ ಒಪ್ಪಿಗೆ ಇದೆ. ಬಡ್ತಿ ಪಡೆದು ಬಂದ ಮೇಲೆ ನನ್ನ ಹಳೆಯ ಪ್ರೌಢಶಾಲೆಯಲ್ಲಿ ಗಣಿತದ ಹುದ್ದೆ ಬಹಳ ದಿನ ಖಾಲಿ ಇತ್ತು, ಅತಿಥಿ ಶಿಕ್ಷಕರೇ ನಡೆಸಿದರು. ನನ್ನ ಓದಿನ ಪ್ರಯೋಜನ ಪದವಿಪೂರ್ವ ಕಾಲೇಜಿಗೆ ಸಿಕ್ಕಿತು, ಆ ಶಾಲೆಗೆ ಸಿಗಲಿಲ್ಲ. ಎಂ.ಎಸ್ಸಿ.ಯ ಬಗ್ಗೆ ನನ್ನ ಸಲಹೆ ಹಾಗೆಯೇ ಇರಲಿ. ಜಗಳೂರಿನ ಮೇಡಂ ನೈಜ ವಿಶ್ಲೇಷಣೆ ಮತ್ತು ಬೀಜಗಣಿತದ ಪತ್ರಿಕೆಗಳಿಗೆ ಓದುವಾಗ ಸಂದೇಹ ಬಂದರೆ ಭಾನುವಾರ ಫೋನಿನಲ್ಲಿ ಹೇಳಿಕೊಡಲು ನಾನು ಸಿದ್ಧ. ಆ ಎರಡರಲ್ಲಿಯೇ ದೂರಶಿಕ್ಷಣದವರು ಸಾಮಾನ್ಯವಾಗಿ ಕೈಚೆಲ್ಲುವುದು.

ಚನ್ನಗಿರಿ ಎಂ.ಇಡಿ.

ಮೇಡಂ, ನನ್ನ ದಶಮಾಂಶದ ಪ್ರಶ್ನೆಗಳ ಹಾಳೆಯನ್ನು ನಿಮಗೆ ಕಳುಹಿಸುತ್ತೇನೆ. ನಿಮ್ಮ ಎಂಟನೇ ತರಗತಿಗೆ ಮೊದಲ ವಾರದಲ್ಲಿಯೇ ಕೊಡಿ. ಅಂಕ ಹಾಕಬೇಡಿ, ಪ್ರತಿ ಉತ್ತರದ ಕೆಳಗೆ ಕಾರಣ ಬರೆಯಲು ಜಾಗ ಬಿಟ್ಟಿದ್ದೇನೆ, ಬರೆಯಲಾಗದ ಮಕ್ಕಳಿಂದ ಬಾಯಲ್ಲಿ ಕೇಳಿ ನೀವೇ ಬರೆದುಕೊಳ್ಳಿ.

ಜಗಳೂರು ಗಣಿತ ಶಿಕ್ಷಕಿ

ಖಂಡಿತ ಕಳುಹಿಸಿ ಮೇಡಂ. ಎಂ.ಎಸ್ಸಿ.ಗೆ ಪೂರ್ವಾನುಮತಿ ಕೋರಿ ಅರ್ಜಿಯನ್ನು ಈ ವಾರವೇ ಮುಖ್ಯ ಶಿಕ್ಷಕರ ಮೂಲಕ ಕೊಡುತ್ತಿದ್ದೇನೆ. ಮುಂದಿನ ಸಮಾಲೋಚನಾ ಸಭೆಯಲ್ಲಿ ಒಂದೂಮುಕ್ಕಾಲರ ಲೆಕ್ಕವನ್ನು ಇಡಲು ಅರ್ಧ ಗಂಟೆ ಕೊಡುವಂತೆ ನಮ್ಮ ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ಸರ್ ಅವರನ್ನು ಕೇಳಿದ್ದೇನೆ, ಒಪ್ಪಿದ್ದಾರೆ. ಜಗಳೂರು, ಮೊಳಕಾಲ್ಮೂರು ಕಡೆಯ ಗಣಿತ ಶಿಕ್ಷಕರು ಯಾರಾದರೂ ಇದೇ ಹಾಳೆಯನ್ನು ತಮ್ಮ ತರಗತಿಯಲ್ಲಿ ಮಾಡಿಸುವುದಾದರೆ ಇಲ್ಲಿಯೇ ತಿಳಿಸಿ. ಮಕ್ಕಳು ಬರೆದ ಕಾರಣಗಳನ್ನು ಒಟ್ಟಿಗೆ ಇಟ್ಟು ನೋಡೋಣ.